ಸಂಪಿಗೆ ಎಲ್ಲಿದೆ?

ಕಡಲು ನೆಲವನ್ನು ನುಂಗಿದ ಮೇಲೆ ಗಂಗೊಳ್ಳಿಯ ಜನ ತೇಲುವ ಮನೆಗಳಲ್ಲೇ ಸಂಸಾರ ಹೂಡಿದ್ದರು. ಸಂಜೆ ಇದ್ದಲ್ಲಿ ಬೆಳಿಗ್ಗೆ ಮನೆ ಇರುತ್ತಿರಲಿಲ್ಲ. ಹೆಸರು ಹೇಳಿದರೆ ಆ ಮನೆ ಈಗ ಎಲ್ಲಿ ತೇಲುತ್ತಿದೆ ಎಂದು ಬಂದರಿನ ಸರ್ವರ್ ತಿಳಿಸುತ್ತಿತ್ತು. ಬಿರುಗಾಳಿ ಬೀಸಿದಂದಿನಿಂದ ಅದು ಯಾವ ಹೆಸರಿಗೂ ಬಾಯಿ ಬಿಡುತ್ತಿರಲಿಲ್ಲ.

ಅದರ ರಿಪೇರಿಗೆ ಕುಳಿತಿದ್ದ ರತ್ನಾಕರನ ಬೆನ್ನ ಹಿಂದೆ ಗುಲಾಬಿಯಕ್ಕ ನಿಂತಿದ್ದರು. ಅವರ ಮಗಳು ಪ್ರೇಮಾ ಗಂಡ, ಮಕ್ಕಳೊಂದಿಗೆ ‘ಸಂಪಿಗೆ’ ಎಂಬ ಮನೆಯಲ್ಲಿದ್ದಳು.

“ಇದು ಹಾಳಾದ್ದಕ್ಕೇ ಅವ್ಳ ಮನೆ ಸಿಕ್ತಿಲ್ಲೆ, ಅಲ್ದಾ ಮಗಾ?”

“ಹೌದಕ್ಕಾ, ಯಾರ ಮನೆಯೂ ಸಿಕ್ತಿಲ್ಲೆ,” ಎಂದ ರತ್ನಾಕರ.

ತೊಂದರೆ ಸಣ್ಣದೇ. ಹೆಸರುಗಳನ್ನು ಸರ್ವರ್ ಎಲ್ಲಿ ವಿಚಾರಿಸಬೇಕೋ ಆ ವಿಳಾಸವೇ ಸೆಟ್ಟಿಂಗ್‌ನಲ್ಲಿ ತಪ್ಪಾಗಿತ್ತು. ಅದನ್ನು ತಿದ್ದಿ ಮತ್ತೆ ಚಾಲೂ ಮಾಡಿದ. ಪರೀಕ್ಷಿಸಲು ಮೊದಲು ತನ್ನ ಮನೆಯ ಹೆಸರು ಹಾಕಿದ; ಅದು ದೀಪಸ್ತಂಭದ ಹತ್ತಿರ ಸಿಕ್ಕಿತು. ಹೊರಗೆ ಸಾಲುಗಟ್ಟಿದ್ದವರು ತಮ್ಮವರ ಜಾಗ ತಿಳಿದು, ಕೂಗಾಡುತ್ತ ದೋಣಿ ಹತ್ತತೊಡಗಿದರು.

ಆಮೇಲೆ ‘ಸಂಪಿಗೆ’ ಎಂದು ಹಾಕಿದ. ‘ಇಂಥ ಹೆಸರಿಲ್ಲ’ ಎಂದು ಬಂತು. ಕಾಗುಣಿತ ನೋಡಿ ಇನ್ನೊಮ್ಮೆ ಹಾಕಿದ. ಅದೇ ಬಂತು. ಮುಳುಗಿದ ಮನೆಗೆ ಮಾತ್ರ ಆ ಉತ್ತರ ಎಂಬುದು ಊರಿಗೆಲ್ಲ ಗೊತ್ತಿತ್ತು.

ಗುಲಾಬಿಯಕ್ಕ ಅಳಲಿಲ್ಲ. ಅವನ ಭುಜ ಹಿಡಿದುಕೊಂಡು ಮೆಲ್ಲಗೆ ಹೇಳಿದರು: “ಮಗಾ, ಇದನ್ನ ಮೊದ್ಲಿನ ಹಾಂಗೇ ಹಾಳ್ ಮಾಡಿಡು. ಆಗ ಅವ್ಳು ಎಲ್ಲೋ ಇದ್ಲಲ್ಲ.”

ರತ್ನಾಕರನ ಕೈ ಕೀಲಿಮಣೆಯ ಮೇಲೇ ನಿಂತಿತು. ಬಾಗಿಲಲ್ಲಿ ಸಾಲಿನ ಮುಂದಿನವರು ಆಗಲೇ ತಮ್ಮ ಮನೆಯ ಹೆಸರು ಹೇಳುತ್ತಿದ್ದರು.