ಸೌನಾದಲ್ಲಿ ಕೇಳುವ ಮಾತು

“ಇವತ್ತು ಶನಿವಾರದ ಸೌನಾಕ್ಕೆ ನಾನು ಬರಲ್ಲ. ಹೇಳಿ ಹೋಗೋಣ ಅಂತ ಬಂದೆ,” ಎಂದ ತೈಸ್ತೊ.

ಅಡುಗೆಮನೆಯಲ್ಲಿ ಕೂತು ಸೌನಾದ ಒಲೆಗೆ ಕಟ್ಟಿಗೆ ಆಯುತ್ತಿದ್ದ ವಿಲ್ಹೊ ತಲೆಯೆತ್ತಿದ. ಅವನ ಹಿತ್ತಲಿನ ಆ ಮರದ ಉಗಿಮನೆಗೆ ಮದುವೆಯಾದ ವಾರವೂ ತಪ್ಪಿಸಿಕೊಳ್ಳದ ಗೆಳೆಯ, ಈಗ ಬರಿಗೈಯಲ್ಲಿ ಹಿಮ ಮೆಟ್ಟಿಕೊಂಡು ಬಂದು ಬರಲ್ಲ ಎನ್ನುತ್ತಿದ್ದಾನೆ.

“ಯಾಕಂತೆ?”

“ಬಿ.ಪಿ.”

“ರೆಫರಿಗೆ ಬಯ್ಯೋವಾಗ ಇಲ್ದಿರೋ ಬಿ.ಪಿ. ಉಗಿಗೆ ಬಂತಾ? ಕೂತ್ಕೊ, ಕಾಫಿ ಕುಡಿ.”

ಬಿ.ಪಿ. ಎಲ್ಲಿಂದ ಬಂತೆಂದು ವಿಲ್ಹೊನಿಗೆ ಚೆನ್ನಾಗಿ ಗೊತ್ತಿತ್ತು. ತೈಸ್ತೊನ ಮೊಮ್ಮಗ ನೀಲೊ ಊರಿನ ಕಾಲೇಜಿನ ಐಸ್ ಹಾಕಿ ತಂಡದ ರಕ್ಷಣಾ ಆಟಗಾರ. ಹೋದ ವಾರ ಕಾಲೇಜಿನ ಆಟಗಳು ಮುಗಿದದ್ದೇ ತಡ, ದೊಡ್ಡ ವೃತ್ತಿ ತಂಡದವರು ಫೋನ್ ಮಾಡಿದ್ದರು: ಕಾಲೇಜು ಬಿಟ್ಟು ಈಗಲೇ ಬಾ, ಸೋಮವಾರ ಉತ್ತರ ಹೇಳು. ಅಂದಿನಿಂದ ಕ್ಷೌರದಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ, ಹೆಪ್ಪುಗಟ್ಟಿದ ಸರೋವರದಲ್ಲಿ ಗಾಳ ಹಾಕಿ ಕೂತವರ ನಡುವೆ ಎಲ್ಲೆಲ್ಲೂ ಒಂದೇ ಚರ್ಚೆ. ಹುಡುಗ ಆ ಆಟಕ್ಕೆ ತಯಾರಾಗಿದ್ದಾನೋ ಇಲ್ಲವೋ? ಊರಿಗೆ ಊರೇ ‘ತಯಾರಾಗಿದ್ದಾನೆ’ ಎನ್ನುತ್ತಿತ್ತು. ‘ಇಲ್ಲ’ ಎನ್ನುತ್ತಿದ್ದವನು ಒಬ್ಬನೇ, ಅವನ ತಾತ.

“ಮೈಯಲ್ಲಿ ತೂಕ ಸಾಲದು ಅವನಿಗೆ,” ಎಂದ ತೈಸ್ತೊ, ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದುತ್ತ. “ಅಲ್ಲಿರೋರು ಗೂಳಿಗಳು. ಗೋಡೆಗೆ ಒತ್ತಿ ಚಪಾತಿ ಮಾಡ್ತಾರೆ.”

“ತೂಕನೇ ಬೇಕಿದ್ರೆ ನಿನ್ನೇ ಕಳಿಸೋಣ ಬಿಡು. ಕೊನೇ ಪಂದ್ಯ ನೋಡಿದ್ಯೋ ಇಲ್ವೋ? ಎದುರು ತಂಡದ ಆ ದಡಿಯ ಇವನ ಮೇಲೆ ಏರಿ ಬಂದ. ಇವನು ಹಿಂದಕ್ಕೆ ಜಾರ್ತಾ ಜಾರ್ತಾನೇ ಪಕ್ ಬಿಲ್ಲೆನ ಗೋಡೆಗೆ ತಾಗಿಸಿ ಜೊತೆಯವನಿಗೆ ಕೊಟ್ಟು, ಮೈ ಸ್ವಲ್ಪ ವಾಲಿಸಿದ ಅಷ್ಟೇ. ದಡಿಯ ಹೋಗಿ ಗೋಡೆ ಮೇಲಿನ ಗಾಜಿಗೆ ಅಂಟ್ಕೊಂಡ. ಅಲ್ಲಿಂದ ನಮ್ಮೋರು ಗೋಲ್ ಹೊಡೆದ್ರು. ಐವತ್ತು ವರ್ಷ ಹಾಕಿ ನೋಡಿದೀನಿ ಕಣೋ, ಹಿಂದಕ್ಕೆ ಜಾರ್ತಾ ಮುಂದಿಂದು ಕಾಣೋನನ್ನ ಇವನೊಬ್ಬನ್ನೇ ನೋಡಿದ್ದು.”

ತೈಸ್ತೊನ ಮುಖ ಹಿಗ್ಗಿತು. ಆ ಗೋಲಿನ ಗಳಿಗೆಯಲ್ಲಿ ಅವನು ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದ್ದ, ಮೂರು ದಿನ ಗಂಟಲು ಕಟ್ಟಿತ್ತು. ಆದರೂ ಮುಖ ಗಂಟಿಕ್ಕಿಕೊಂಡು, “ಬೇಗ ಪಾಸ್ ಕೊಟ್ಬಿಟ್ಟ. ಆತುರ ಜಾಸ್ತಿ,” ಎಂದ.

“ಮೊಸರಲ್ಲಿ ಕಲ್ಲು ಹುಡುಕ್ತೀಯಲ್ಲೋ! ಹೋದ ವರ್ಷನೂ ಕರೆದ್ರು. ಇನ್ನೊಂದು ವರ್ಷ ಪಳಗಲಿ ಅಂದೆ, ಪಾಪ ಹುಡುಗ ಉಳ್ಕೊಂಡ. ಈ ವರ್ಷ ಇನ್ನೇನು ತೆಗೀತೀಯ?”

ತೈಸ್ತೊ ಇನ್ನೊಂದು ತುಂಡು ಬ್ರೆಡ್ಡು ಮುರಿದುಕೊಂಡ. ನೀಲೊ ಹೋದರೆ ಶುಕ್ರವಾರದ ಆಟಗಳಲ್ಲಿ ಅವನನ್ನು ಕಣ್ಣಾರೆ ನೋಡುವಂತಿಲ್ಲ, ಆಟ ಮುಗಿದ ಮೇಲೆ ಒದ್ದೆ ತಲೆಯಲ್ಲಿ ಬಂದು “ಹೇಗಿತ್ತು ತಾತ?” ಎಂದು ಕೇಳುವವರಿಲ್ಲ. ಅಷ್ಟೇ ವಿಷಯ. ಅದನ್ನು ಅಡುಗೆಮನೆಯಲ್ಲಿ, ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲಲ್ಲಿ ಮುಚ್ಚಿಡಬಹುದಿತ್ತು. ಸೌನಾದಲ್ಲಿ ಮಾತ್ರ ಆಗದು. ಅಲ್ಲಿ ಬೈಗುಳ ಕೂಡದು, ಸುಳ್ಳು ಕೂಡದು ಎಂಬುದು ಫಿನ್‌ಲ್ಯಾಂಡಿನಿಂದ ಈ ಊರಿಗೆ ಗಣಿ ಕೆಲಸಕ್ಕೆ ಬಂದ ಅಜ್ಜಂದಿರ ಕಾಲದಿಂದ ನಡೆದುಬಂದ ಕಟ್ಟುಪಾಡು. ಚರ್ಚಿನಲ್ಲಿ ಸುಳ್ಳು ಹೇಳಿದವರನ್ನು ಈ ಊರು ಕಂಡಿದೆ, ಉಗಿಯಲ್ಲಿ ಹೇಳಿದವರನ್ನು ಕಂಡಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆದು ನೀಲೊ ಒಳಗೆ ಬಂದ. ಹೆಗಲ ಮೇಲೆ ಎರಡು ಟವೆಲು.

“ತಾತ, ನೀನು ಮರೆತು ಬಂದಿದ್ದೆ, ನಾನೇ ತಂದೆ.”

ವಿಲ್ಹೊ ನಗು ತಡೆಯಲಾರದೆ ಕಟ್ಟಿಗೆ ಎತ್ತಿಕೊಂಡು ಹಿತ್ತಲಿಗೆ ನಡೆದ.

ಗಂಟೆ ಕಳೆಯುವಷ್ಟರಲ್ಲಿ ಮೂವರೂ ಸೌನಾದ ಮೇಲಿನ ಹಲಗೆಯ ಮೇಲೆ ಬೆವರುತ್ತ ಕೂತಿದ್ದರು. ಕಲ್ಲುಗಳು ಕಾದು ಕೆಂಪಾಗಿದ್ದವು. ನೀಲೊ ಕಣ್ಣೆತ್ತದೆ ಕೇಳಿದ:

“ತಾತ, ನಾನು ತಯಾರಾಗಿದೀನಾ?”

ತೈಸ್ತೊ ಒಂದು ಸೌಟು ನೀರು ಕಲ್ಲಿಗೆ ಹೊಯ್ದ. ಉಗಿ ಭುಸ್ಸೆಂದು ಎದ್ದಿತು. ಇನ್ನೊಂದು ಸೌಟು ಹೊಯ್ದ. ಮೂರನೆಯದಕ್ಕೆ ಕೈ ಹಾಕಿದಾಗ ವಿಲ್ಹೊ ಮುಖ ಮುಚ್ಚಿಕೊಂಡು ಕೂಗಿದ:

“ಉತ್ತರ ಹೇಳೋ ಮಾರಾಯ, ನಾನು ಬೆಂದು ಹೋಗ್ತಿದೀನಿ!”

ತೈಸ್ತೊ ಸೌಟು ಕೆಳಗಿಟ್ಟ. ಮೊಮ್ಮಗನ ಹೆಗಲು, ತೋಳು, ಪೆಟ್ಟು ತಿಂದು ನೀಲಿಗಟ್ಟಿದ ಪಕ್ಕೆ ಎಲ್ಲವನ್ನೂ ಒಮ್ಮೆ ನೋಡಿದ.

“ಆಗಿದೀಯ ಕಣೋ. ನಿನ್ನಂಥ ಆಟಗಾರ ಈ ಊರಲ್ಲಿ ಹುಟ್ಟಿಲ್ಲ. ಈಗಲ್ಲ, ಹೋದ ವರ್ಷವೇ ತಯಾರಾಗಿದ್ದೆ. ಊಟಕ್ಕೆ ಕೂತಾಗ ನೀನು ಕೇಳಿದೆಯಲ್ಲ, ಆಗ ನಾನು ಹೇಳಿದ್ದು ಸುಳ್ಳು.”

ನೀಲೊ ಮುಖದ ಬೆವರು ಒರೆಸಿಕೊಂಡು ತಾತನ ಕಡೆ ಸರಿದು ಕೂತ.

“ಗೊತ್ತಿತ್ತು ತಾತ. ನಂಗೂ ಆಗ ಹೋಗೋಕೆ ಮನಸ್ಸಿರ್ಲಿಲ್ಲ. ಅದಕ್ಕೇ ಹೋದ ವರ್ಷ ಇಲ್ಲಿ ಕೇಳ್ಲಿಲ್ಲ.”