ಬೆರಳಿಗೊಂದು ಪಟ್ಟಿ

ಅಂಗಳದ ಕುಂಡದಲ್ಲಿದ್ದ ಗಿಡದ ಕಸಿಗೆ ಸುತ್ತಿದ್ದ ಪ್ಲಾಸ್ಟಿಕ್ ಪಟ್ಟಿಯ ತುದಿಯನ್ನು ಮುದುಕ ಉಗುರಿನಿಂದ ಎಬ್ಬಿಸುತ್ತಿದ್ದಾಗಲೇ ಸೊಸೆ ಹಿಂದಿನಿಂದ ಬಂದು ಕೈ ಹಿಡಿದಳು.

"ಮಾವ! ಎರಡು ಕಡ್ಡಿ ಹೀಗೇ ಬಿಚ್ಚಿ ನೋಡಿ ಕೊಂದಿದ್ದು ಸಾಲದಾ? ಅತ್ತೆ ನೆಟ್ಟ ಕಿತ್ತಳೆ ಮರ ಗಾಳಿಗೆ ಬಿದ್ದುಹೋಯ್ತು. ಅದರದ್ದು ಅಂತ ಉಳಿದಿರೋದು ಇದೊಂದೇ ಕಡ್ಡಿ."

"ಅಂಟಿತೋ ಇಲ್ಲವೋ ಅಂತ ಜೀವ ತಡೀಲಿಲ್ಲ ಕಣಮ್ಮ. ಒಳಗೆ ಏನು ಮಾಡ್ತಿದೆ ಅದು?"

ಸಸಿತೋಟದಲ್ಲಿ ಕಸಿ ಕಟ್ಟುವುದೇ ಕೆಲಸವಾಗಿದ್ದ ಸೊಸೆ ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. "ಕೊಯ್ದ ಕಡೆ ಜೀವಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ, ಕೆಳಗಿನ ಬೇರಿರೋ ಗಿಡದ ಕೋಶಗಳನ್ನ ಮುಟ್ಟೋಕೆ ನೋಡ್ತಿವೆ. ಕಡ್ಡಿಯೊಳಗಿನ ಸಕ್ಕರೆಯೇ ಅವಕ್ಕೆ ಬುತ್ತಿ. ಅದು ಮುಗಿಯೋದರೊಳಗೆ ಬೇರಿನ ನೀರು ಮೇಲೆ ಹತ್ತೋಕೆ ದಾರಿ ಆಗ್ಬೇಕು. ನೀವು ಅಲ್ಲಾಡಿಸಿದ್ರೆ ಎಲ್ಲಾ ಹರಿದುಹೋಗುತ್ತೆ."

"ನಿಮ್ಮತ್ತೆಯೂ ಹಾಗೇ. ಒಲೆ ಮೇಲಿನ ಪಾತ್ರೆಯ ಮುಚ್ಚಳ ಎತ್ತಿದರೆ ಸೌಟು ಹಿಡ್ಕೊಂಡು ಬರೋಳು," ಎನ್ನುತ್ತ ಮುದುಕ ತೋರುಬೆರಳನ್ನು ಮುಂದೆ ಚಾಚಿದ. "ಇದು ನನ್ನ ಮಾತು ಕೇಳಲ್ಲ. ಇದನ್ನೂ ಕಟ್ಟಿಬಿಡು." ಸೊಸೆ ನಗುತ್ತಲೇ ಜೇಬಿನಿಂದ ಒಂದು ತುಂಡು ಪಟ್ಟಿ ತೆಗೆದು, ಕಸಿಗೆ ಸುತ್ತುವಷ್ಟೇ ಜೋಪಾನವಾಗಿ ಅವನ ಬೆರಳಿಗೆ ಸುತ್ತಿದಳು.

ಪಟ್ಟಿ ಮಾಸಿ ಕಪ್ಪಾದರೂ ಅವನು ಅದನ್ನು ಬಿಚ್ಚಲಿಲ್ಲ. ಒಂದು ಬೆಳಿಗ್ಗೆ ಅವಳು ಅಂಗಳಕ್ಕೆ ಬಂದಾಗ ಅವನು ಕುಂಡದಿಂದ ಮಾರು ದೂರದಲ್ಲಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದ. ಕಡ್ಡಿಯ ತುದಿಯಲ್ಲಿ ಎರಡು ಎಳೆಯ ಎಲೆಗಳು ಬಿಚ್ಚಿಕೊಂಡಿದ್ದವು.

"ನಾನು ಮುಟ್ಟಿಲ್ಲ ಕಣಮ್ಮ," ಎಂದ. "ಅವೇ ಬಂದವು."