ಹಿತ್ತಾಳೆ ಕಪ್ಪಿನ ಪಾನಕ

ಕಪ್ ಗೆದ್ದ ದಿನ ಫುಟ್‌ಬಾಲ್ ತಂಡದ ಹತ್ತು ಮಂದಿ ಕಪ್ಪಿಗೇ ಬಾಯಿಟ್ಟು ಪಾನಕ ಕುಡಿದರು. ಕ್ಯಾಪ್ಟನ್ ಆಗಿದ್ದರೂ ಕಾಲೋನಿಯ ಕೋನಪ್ಪನಿಗೆ ಮೇಲಿಂದ ಬೊಗಸೆಗೆ ಹುಯ್ದರು.

ಅದಾಗಿ ಒಂಬತ್ತು ವರ್ಷಕ್ಕೆ, ತೊಂಬತ್ತಮೂರರಲ್ಲಿ, ತೀರಿಹೋದ ಕೋನಪ್ಪನ ಫೋಟೋಗೆ ಚಿಂತಾಮಣಿಯ ಮೈದಾನದಲ್ಲಿ ಹಾರ ಹಾಕಿ ಅಭಿಮಾನಿಗಳು ಕೂತಿದ್ದರು. "ಏನ್ ಆಟ ಕಣ್ರಪ್ಪ! ಬಾಲು ಕಾಲಿಗೆ ಅಂಟ್ಕೊಂಡಂಗಿರೋದು," ಅಂದ ಒಬ್ಬ. ಕ್ಲಬ್ಬಿನ ಕಾರ್ಯದರ್ಶಿ ಸತ್ಯಮೂರ್ತಿ ಕಣ್ಣೊರೆಸಿಕೊಂಡರು. "ಆಟ ಬಿಡ್ರಪ್ಪ, ಗುಣ ನೋಡಿ! ಗೆದ್ದ ಕಪ್ಪಿಗೂ ತುಟಿ ಸೋಕಿಸ್ಲಿಲ್ಲ ಪುಣ್ಯಾತ್ಮ. ಅಂಥಾ ವಿನಯ."

ಮುಂದಿನ ಸಾಲಿನಲ್ಲಿದ್ದ ಕೋನಪ್ಪನ ಹೆಂಡತಿ ಅಶ್ವತ್ಥಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಸಾಯುವ ತನಕ ಅವನು ಹೇಳುತ್ತಿದ್ದದ್ದು ಬೇರೆ: "ಆ ಕಪ್ಪಲ್ಲಿ ಕುಡಿದ್ನಲ್ಲ, ಪಾನಕಾನೂ ಹಿತ್ತಾಳೆ ವಾಸನೆ ಹೊಡೀತಿತ್ತು ಕಣೇ." ಸುಳ್ಳು ಇವರದೋ, ಅವನದೋ? ಕಟ್ಟಿಕೊಂಡವಳ ಹತ್ತಿರ ಅವನು ಯಾಕೆ ಸುಳ್ಳು ಹೇಳಬೇಕಿತ್ತು?

ಅಷ್ಟರಲ್ಲಿ ಅದೇ ಕಪ್ಪಿನ ತುಂಬ ಪಾನಕ ಬಂತು. ಹಳೆಯ ಆಟಗಾರರು ಬಾಯಿಟ್ಟು ಒಂದೊಂದು ಗುಟುಕು ಕುಡಿದರು. ಅವಳ ಸರದಿ ಬಂದಾಗ ಸತ್ಯಮೂರ್ತಿ ಕಪ್ಪನ್ನು ಈಸಿಕೊಂಡು ಮೇಲಕ್ಕೆತ್ತಿ ಬಗ್ಗಿಸಿದರು. "ಕೈ ಒಡ್ಡಮ್ಮ."

ರೂಢಿಯಂತೆ ಮೇಲೆದ್ದ ಅವಳ ಕೈಗಳು ಅರ್ಧಕ್ಕೇ ನಿಂತವು.

"ಒಡ್ಡಲ್ಲ ಸಾಮಿ," ಅಂದಳು. "ಕಪ್ಪೇ ಕೊಡಿ. ಹಿತ್ತಾಳೆ ವಾಸನೆ ಬರ್ತದಾ ನೋಡ್ಬೇಕು."